ತೊಟ್ಟಿಮನೆಗೆ ಎರಡು ಗುಡ್ಡೆ

ಯುಗಾದಿ ಬಂತೆಂದರೆ ಬೇವುಬೆಲ್ಲದ ಮೇಲೆ ಭಾಷಣ ಮಾಡುವವರು ಹುಟ್ಟಿಕೊಳ್ಳುತ್ತಾರೆ. ಸಿಹಿಕಹಿ ಎರಡನ್ನೂ ಒಂದೇ ಸಮ ನುಂಗಬೇಕಂತೆ. ಅವರನ್ನು ಹೇಗೋ ಸಹಿಸಿಕೊಳ್ಳುತ್ತೇನೆ. ನನಗೆ ಮೈ ಉರಿಯುವುದು ಮಾರನೇ ದಿನ ಮಾಂಸ ಪಾಲು ಹಾಕಿ ಹಂಚುವ ಗುಡ್ಡೆಬಾಡನ್ನು ಹೊಗಳುವವರನ್ನು ಕಂಡಾಗ. ‘ನಮ್ಮ ಹಳ್ಳಿಗಳಲ್ಲಿ ಎಂಥ ಸಮಾನತೆ ನೋಡಿ, ಶ್ಯಾನುಭೋಗನಿಗೂ ಅಷ್ಟೇ ಪಾಲು, ಕೂಲಿಯವನಿಗೂ ಅಷ್ಟೇ ಪಾಲು’ ಅಂತ ಅವರು ಶುರುಮಾಡಿದರೆ ಎದ್ದು ಹೋಗಿಬಿಡೋಣ ಅನ್ನಿಸುತ್ತದೆ. ಎಷ್ಟೋ ಸಲ ಎದ್ದು ಹೋಗಿಯೂ ಇದ್ದೇನೆ. ಆ ಮಾತಾಡುವವರೆಲ್ಲ ಗುಡ್ಡೆಯ ಬಾಡು ತಿಂದವರು. ಗುಡ್ಡೆಯ ಮುಂದೆ ಖಾಲಿ ತಪ್ಪಲೆ ಹಿಡಿದು ನಿಂತವರಲ್ಲ. ಶ್ಯಾನುಭೋಗರ ಮನೆಯವರು ಬಾಡೇ ತಿನ್ನುತ್ತಿರಲಿಲ್ಲ, ಅದೂ ಇವರಿಗೆ ಗೊತ್ತಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ವರ್ಷ ಒಂದೇ ದಿನಕ್ಕೆ ಶುರುವಾಗುವುದಿಲ್ಲ, ಎರಡು ದಿನ ಹಿಡಿಯುತ್ತದೆ. ಮೊದಲ ದಿನ ಯುಗಾದಿ. ಎಣ್ಣೆನೀರು, ಬಾಗಿಲಿಗೆ ಮಾವಿನಸೊಪ್ಪು, ಒಬ್ಬಟ್ಟು. ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೊನ್ನಾರು ಕಟ್ಟಿ ಹೊಲದಲ್ಲಿ ವರ್ಷದ ಮೊದಲ ಸಾಲು ಹೊಡೆಯುತ್ತಾರೆ. ಆ ಸಾಲು ಯಾರ ಕೈಯಲ್ಲಿ ಆದರೆ ಒಳ್ಳೆಯದು ಅಂತ ಶ್ರೀರಂಗಪಟ್ಟಣದ ಕಡೆಯಿಂದ ಬರುವ ಅಯ್ನೋರು ಪಂಚಾಂಗ ನೋಡಿ ಹೇಳುತ್ತಾರೆ. ಸಂಜೆ ಎಲ್ಲರೂ ಬಯಲಿಗೆ ಬಂದು ಪಡುವಲ ಕಡೆ ಮುಖ ಮಾಡಿ, ಉಗುರಿನಷ್ಟು ಸಣ್ಣ ಚಂದ್ರನನ್ನು ಹುಡುಕುತ್ತಾರೆ. ಕಂಡವರು ಹಿರಿಯರ ಕಾಲಿಗೆ ಬೀಳುತ್ತಾರೆ.

ಎರಡನೇ ದಿನ ಹೊಸ್ತೊಡಕು. ವರ್ಷತೊಡಕು ಅಂತಲೂ ಕರೆಯುತ್ತಾರೆ. ಆ ದಿನ ಬಾಡೂಟ. ಗಂಡಸರಿಗೆ ಅರಳಿಕಟ್ಟೆಯ ಮೇಲೆ ಇಸ್ಪೀಟು. ಇನ್ನೊಂದು ನಂಬಿಕೆಯೂ ಉಂಟು: ಆ ದಿನ ಏನು ಮಾಡುತ್ತೇವೋ ಅದು ವರ್ಷಪೂರ್ತಿ ತೊಡರಿಕೊಳ್ಳುತ್ತದೆ. ಅದಕ್ಕೇ ಆ ದಿನ ಮಕ್ಕಳನ್ನು ಹೊಡೆಯುವುದಿಲ್ಲ. ಸಾಲ ಕೇಳುವುದಿಲ್ಲ. ಹೆಂಗಸರು ಅಳಕೂಡದು, ಜಗಳವಂತೂ ಆಡಲೇಕೂಡದು.

ಇನ್ನು ಗುಡ್ಡೆ. ಒಂದು ಬೀದಿಯವರೆಲ್ಲ ಸೇರಿ ಟಗರು ತರುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಕೊಯ್ದು, ಬಾಳೆಎಲೆಗಳನ್ನು ಸಾಲಾಗಿ ಹಾಸಿ ಪಾಲು ಹಾಕುತ್ತಾರೆ. ತೊಡೆ, ಪಕ್ಕೆ, ಮೂಳೆ, ಬೋಟಿ, ಗುಂಡಿಗೆಯ ಒಂದು ಚೂರು, ಲಿವರಿನ ಒಂದು ಚೂರು, ಹೀಗೆ ಪ್ರತಿ ಗುಡ್ಡೆಗೂ ಎಲ್ಲದರಲ್ಲೂ ಒಂದಿಷ್ಟು ಬೀಳಬೇಕು. ಒಂದು ಒಲೆಗೆ ಒಂದು ಗುಡ್ಡೆ. ಗುಡ್ಡೆ ಹಾಕುವವನ ಕೈ ಎಷ್ಟೇ ಸಮ ಇದ್ದರೂ ಅನುಮಾನ ಬರುತ್ತದಲ್ಲ, ಅದಕ್ಕೆ ಬೀದಿಯ ಹಿರಿಯನೊಬ್ಬನನ್ನು ಗುಡ್ಡೆಗಳಿಗೆ ಬೆನ್ನು ತಿರುಗಿಸಿ ನಿಲ್ಲಿಸುತ್ತಾರೆ. ಇಲ್ಲೊಬ್ಬ ಒಂದು ಗುಡ್ಡೆಯ ಮೇಲೆ ಕೈಯಿಟ್ಟು ‘ಇದ್ಯಾರ್ದೂ?’ ಅಂತ ಕೂಗುತ್ತಾನೆ. ಹಿರಿಯ ಹಿಂದಕ್ಕೆ ನೋಡದೆ ಬಾಯಿಗೆ ಬಂದ ಒಂದು ಮನೆಯ ಹೆಸರು ಹೇಳುತ್ತಾನೆ. ಬಾವಿಮನೆ, ಹೆಂಚಿನಮನೆ, ಮೂಲೆಮನೆ. ಕಣ್ಣಿಗೆ ಕಾಣದೆ ಹೇಳಿದ್ದು ದೇವರ ಮಾತಿದ್ದ ಹಾಗೆ, ಅದನ್ನು ತಿರುಗಿಸುವ ಹಾಗಿಲ್ಲ. ಕರೆಸಿಕೊಂಡ ಮನೆಯವರೇ ಬಂದು ಆ ಗುಡ್ಡೆ ಎತ್ತಬೇಕು. ಕೊನೆಯ ಗುಡ್ಡೆ ಎದ್ದ ಮೇಲೇ ಬೀದಿಯಲ್ಲಿ ಬಾಡಿಗೆ ಒಲೆ ಹಚ್ಚುವುದು.

ಕೇಳುವುದಕ್ಕೆ ಚೆನ್ನಾಗಿದೆ, ಅಲ್ಲವಾ? ಊರಾಚೆ ಕೇರಿಯವರ ಗುಡ್ಡೆ ಆಚೆಯೇ ಬೀಳುತ್ತಿತ್ತು ಅನ್ನುವುದನ್ನು ಈ ಹೊಗಳುಭಟ್ಟರು ಹೇಳುವುದಿಲ್ಲ. ಆ ಮಾತೆತ್ತಿದರೆ ಅದೊಂದು ಬೇರೆಯೇ ಕೋಪ. ನಾನು ಹೇಳಹೊರಟಿರುವುದು ನಮ್ಮ ಬೀದಿಯೊಳಗೇ ಲೆಕ್ಕಕ್ಕೆ ಬಾರದೆ ಹೋದ ಒಂದು ಒಲೆಯ ಮಾತು. ಅದು ನಮ್ಮತ್ತೆಯದು, ಅಪ್ಪನ ಒಡಹುಟ್ಟಿದ ತಂಗಿಯದು.

ನಮ್ಮೂರು ಪಾಂಡವಪುರ ತಾಲ್ಲೂಕಿನದು. ಕ್ಯಾತನಹಳ್ಳಿಯಿಂದ ನಾಲೆ ಏರಿ ಹಿಡಿದು ನಡೆದರೆ ಕಬ್ಬಿನ ಗದ್ದೆಗಳ ನಡುವೆ ಸಿಗುತ್ತದೆ. ಅತ್ತೆಯನ್ನು ನಾಗಮಂಗಲದ ಕಡೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ಮನೆ ತುಂಬಿಸಿಕೊಂಡ ದಿನವೇ ಅತ್ತೆ ಟ್ರಂಕು ಹೊತ್ತುಕೊಂಡು ಬಸ್ಸು ಹತ್ತಿದರು. ನಮ್ಮ ಮನೆಯ ಹೊಸ್ತಿಲು ದಾಟಿದವರೇ ಅಪ್ಪನಿಗೆ ಹೇಳಿದ್ದು ಒಂದೇ ಮಾತು: “ಅಣ್ಣ, ಒಬ್ಬನ್ಗೆ ಎರಡು ಒಲೆ ಇರೋ ಮನೇಲಿ ನಾನಿರಾಕಿಲ್ಲ.”

ಒಂದಷ್ಟು ದಿನ ನಮ್ಮ ತೊಟ್ಟಿಮನೆಯಲ್ಲೇ ಇದ್ದರು. ಅವ್ವನಿಗೂ ಅವರಿಗೂ ಚೆನ್ನಾಗಿಯೇ ಇತ್ತು. ಆದರೂ ಒಂದು ದಿನ ಅತ್ತೆ ಹಿತ್ತಲಾಚೆ ಬೀದಿಗೆ ಮುಖ ಮಾಡಿದ್ದ ನಮ್ಮ ಹಳೆಯ ಕೊಟ್ಟಿಗೆಯ ಸಗಣಿ ಬಾಚಿ, ಗೋಡೆಗೆ ಸುಣ್ಣ ಬಳಿದು, ಮೂರು ಕಲ್ಲಿಟ್ಟು ಒಲೆ ಹಾಕಿದರು. “ಯಾಕೆ, ನಾನೇನಾದ್ರೂ ಅಂದ್ನಾ?” ಅಂತ ಅವ್ವ ಅತ್ತಳು. “ನೀನೇನೂ ಅನ್ನಿಲ್ಲ ಕಣತ್ಗೆ. ಅನ್ನಿಸ್ಕಳೋ ವಯಸ್ಸು ನಂಗೆ ಮುಗೀತು, ಅಷ್ಟೆ” ಅಂದರು ಅತ್ತೆ. ಒಂದು ಹಸು ಕಟ್ಟಿ ಡೇರಿಗೆ ಹಾಲು ಹಾಕತೊಡಗಿದರು. ಕಬ್ಬು ಕಡಿಯುವ ಕಾಲದಲ್ಲಿ ಗಂಡಾಳುಗಳ ಜೊತೆ ಸಮಸಮಕ್ಕೆ ಕಡಿಯುತ್ತಿದ್ದರು. ಜನಗಣತಿಗೆ ಬಂದ ಮೇಷ್ಟ್ರು ಬಗ್ಗಿ ಒಳಗೆ ನೋಡಿ “ಒಲೆ ಬೇರೆ ಐತಾ? ಹಾಗಾದ್ರೆ ಮನೆ ಬೇರೆ” ಅಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆದು ಹೋದರು. ಮಳೆ ಬಂದು ಅಳಿಸುವ ತನಕ ಅತ್ತೆ ಆ ನಂಬರಿನ ಮೇಲೆ ಒದ್ದೆಬಟ್ಟೆ ಆಡಿಸಲಿಲ್ಲ.

ಆದರೆ ಬೀದಿಗೆ ಕಣ್ಣು ಕಾಣಬೇಕಲ್ಲ.

ಬೇರೆ ಒಲೆ ಹಾಕಿದ ಮೊದಲ ಹೊಸ್ತೊಡಕಿಗೆ ಅತ್ತೆ ತಪ್ಪಲೆ ಹಿಡಿದು ಹೋಗಿ ಎಲ್ಲರ ಜೊತೆ ನಿಂತರು. ಹೆಸರು ಕೂಗುತ್ತಿದ್ದವರು ನಮ್ಮ ದೊಡ್ಡಪ್ಪ. ಅಪ್ಪನ ದೊಡ್ಡಪ್ಪನ ಮಗ, ಬೀದಿಗೆ ಯಜಮಾನ. ಒಂದೊಂದೇ ಗುಡ್ಡೆ ಎದ್ದು, ಬರಿಯ ಎಲೆಗಳು ಉಳಿದವು. ಅತ್ತೆ ನಿಂತೇ ಇದ್ದರು. ದೊಡ್ಡಪ್ಪ ತಿರುಗಿ ನೋಡಿ, “ನೀನ್ಯಾಕಮ್ಮಿ ತಪ್ಪಲೆ ತಂದೆ? ನಿಮ್ಮಣ್ಣನ ಗುಡ್ಡೇಲಿ ನಿಂದೂ ಐತೆ. ಕೊಟ್ಟ ಹೆಣ್ಣಿಗೆ ಹುಟ್ಟಿದೂರಲ್ಲಿ ಗುಡ್ಡೆ ಹಾಕೋ ಪದ್ಧತಿ ಎಲ್ಲಾದ್ರೂ ಐತಾ?” ಅಂದರು. ಯಾರೋ ನಕ್ಕರು. ಅವ್ವ ಮಧ್ಯಾಹ್ನ ಬೋಸಿಯಲ್ಲಿ ಸಾರು ತುಂಬಿ ಕಳಿಸಿದರೆ, ಅತ್ತೆ ಅದನ್ನು ಹಾಗೇ ವಾಪಸ್ಸು ಕಳಿಸಿದರು.

ನಾನು ಆಗ ಕೃಷ್ಣರಾಜಪೇಟೆಯ ಶಾಲೆಗೆ ಟೀಚರಮ್ಮನಾಗಿ ಸೇರಿ, ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದೆ. ಹಬ್ಬಕ್ಕೆ ಮಾತ್ರ ಊರಿಗೆ ಬರುತ್ತಿದ್ದೆ. ಮಾರನೇ ವರ್ಷ ಬಂದಾಗ ಕೊಟ್ಟಿಗೆಯ ಮುಂದೆ ಒಂದು ಬನ್ನೂರು ಟಗರು ಕಟ್ಟಿತ್ತು. ಕುಳ್ಳ ಕಾಲು, ಹಾಸಿಗೆಯಂಥ ಬೆನ್ನು. ಅಗಸೆಸೊಪ್ಪು, ಹುರುಳಿನುಚ್ಚು ಹಾಕಿ ವರ್ಷಪೂರ್ತಿ ಸಾಕಿದ್ದರು. ಬೀದಿಯ ಗಂಡಸರ ಕಣ್ಣೆಲ್ಲ ಅದರ ಮೇಲೆಯೇ.

ಹಬ್ಬಕ್ಕೆ ಇನ್ನೂ ದಿನಗಳಿರುವಾಗಲೇ ದೊಡ್ಡಪ್ಪ ಬಂದು ಕೇಳಿದ್ದರಂತೆ. ಅತ್ತೆ ರೇಟಿನ ಮಾತೇ ಆಡಲಿಲ್ಲವಂತೆ. “ಟಗರು ಕೊಡ್ತೀನಿ ದೊಡ್ಡಣ್ಣ. ನನ್ನೊಲೆಗೂ ಒಂದು ಗುಡ್ಡೆ ಬೀಳ್ಬೇಕು. ನೀನು ಬಾಯ್ತುಂಬ ಕೊಟ್ಟಿಗೆಮನೆ ಅಂತ ಕೂಗ್ಬೇಕು. ನನ್ನೆಸ್ರು ಬ್ಯಾಡ, ಮನೆ ಎಸ್ರು ಸಾಕು” ಅಂದರಂತೆ.

“ಆಯ್ತು ಬುಡಮ್ಮಿ, ಅದ್ಯಾವ ದೊಡ್ಡ ಮಾತು” ಅಂದರಂತೆ ದೊಡ್ಡಪ್ಪ. ಅಪ್ಪ ಪಕ್ಕದಲ್ಲೇ ಇದ್ದರು. “ಆಯ್ತು ಅಂದವ್ರಲ್ಲ, ಮುಗೀತು” ಅಂತ ಸಾಕ್ಷಿಯೂ ಹೇಳಿದರು.

ಯುಗಾದಿಯ ಸಂಜೆ ಬಯಲಲ್ಲಿ ಎಲ್ಲರಿಗಿಂತ ಮೊದಲು ಚಂದ್ರನನ್ನು ಕಂಡವರು ಅತ್ತೆ. “ಅಗೋ ನೋಡಮ್ಮಿ, ಆ ತೆಂಗಿನ ಗರಿಯ ಎಡಕ್ಕೆ” ಅಂತ ನನ್ನ ಗಲ್ಲ ಹಿಡಿದು ತಿರುಗಿಸಿದರು. ಆಮೇಲೆ ದೊಡ್ಡಪ್ಪನ ಕಾಲಿಗೆ ಬಿದ್ದರು. ಅವರು ತಲೆ ಮುಟ್ಟಿ “ಒಳ್ಳೇದಾಗ್ಲಿ, ನಿನ್ನೊಲೆ ಉರೀತಿರ್ಲಿ” ಅಂದರು. ಈ ಕಿವಿಯಲ್ಲೇ ಕೇಳಿದ್ದೇನೆ. ಆ ರಾತ್ರಿ ಅತ್ತೆ ಮಸಾಲೆಗೆ ಬೇಕಾದ್ದನ್ನೆಲ್ಲ ಹುರಿದಿಟ್ಟುಕೊಂಡರು. ಒರಳು ತೊಳೆದರು. ಒಲೆಗೆ ಕೆಮ್ಮಣ್ಣು ಬಳಿದರು.

ಬೆಳಿಗ್ಗೆ ಟಗರು ಬಿತ್ತು. ಅತ್ತೆ ಅದನ್ನು ನೋಡುವುದಕ್ಕೆ ಬರಲಿಲ್ಲ, ಸಾಕಿದ ಕೈಯಲ್ಲವಾ. ಎಲೆಗಳ ಮೇಲೆ ಪಾಲು ಬಿದ್ದ ಮೇಲೆ ತಪ್ಪಲೆ ಹಿಡಿದು ಬಂದರು. ನಾನೂ ಜೊತೆಯಲ್ಲಿದ್ದೆ. ಅತ್ತೆ ಗುಡ್ಡೆಗಳ ಮೇಲೆ ಕಣ್ಣಾಡಿಸಿ ನನ್ನ ಕೈ ಒತ್ತಿದರು. ಹೋದ ವರ್ಷಕ್ಕಿಂತ ಒಂದು ಗುಡ್ಡೆ ಜಾಸ್ತಿ ಇತ್ತು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ದೊಡ್ಡಪ್ಪ ಬೆನ್ನು ತಿರುಗಿಸಿ ನಿಂತರು.

“ಇದ್ಯಾರ್ದೂ?”

“ಹೆಂಚಿನಮನೆ!”

“ಇದ್ಯಾರ್ದೂ?”

“ಬಾವಿಮನೆ!”

“ಇದ್ಯಾರ್ದೂ?”

“ತೊಟ್ಟಿಮನೆ!”

ಅದು ನಮ್ಮ ಮನೆ. ಅಪ್ಪ ಹೋಗಿ ಎತ್ತಿಕೊಂಡು ಬಂದು ನಿಂತರು. ಹೀಗೇ ಕೂಗುತ್ತ ಕೂಗುತ್ತ ಒಂದೇ ಒಂದು ಗುಡ್ಡೆ ಉಳಿಯಿತು. ಇನ್ನೂ ಕರೆಯದ ಮನೆಯೂ ಒಂದೇ. ಅತ್ತೆ ಆಗಲೇ ಒಂದು ಹೆಜ್ಜೆ ಮುಂದಿಟ್ಟಿದ್ದರು.

“ಇದ್ಯಾರ್ದೂ?”

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಕೂಗಿದರು: “ತೊಟ್ಟಿಮನೆ! ತೊಟ್ಟಿಮನೆಗೆ ಎರಡು!”

ಅತ್ತೆ ಎತ್ತಿದ ಕಾಲು ಹಾಗೇ ನಿಂತಿತು. ದೊಡ್ಡಪ್ಪ ತಿರುಗಿ, ದೊಡ್ಡದೊಂದು ಕಗ್ಗಂಟು ಬಿಡಿಸಿದವರ ಹಾಗೆ ನಗುತ್ತ, “ಆಯ್ತಲ್ಲಮ್ಮಿ, ನಿಂಗೂ ಬಂತಲ್ಲ ಗುಡ್ಡೆ? ತಗೊಂಡೋಗು ಅತ್ಲಾಗೆ” ಅಂದರು.

“ನನ್ನ ಮನೆ ಎಸ್ರೆಲ್ಲಿ ದೊಡ್ಡಣ್ಣ?”

“ಬಾಡು ಬಂದದೆ, ಎಸ್ರು ಕಟ್ಕೊಂಡು ಏನ್ ಬೇಯಿಸ್ತೀಯಾ?”

ಈಗಲೂ ಈ ಮಾತು ನೆನೆದರೆ ಹಲ್ಲು ಕಡಿಯುವಂತಾಗುತ್ತದೆ. ಬೀದಿಗೆ ಬೀದಿಯೇ ತಲೆದೂಗಿತು. ಎಂಥ ಜಾಣ ತೀರ್ಮಾನ! ಬಾಡೂ ಕೊಟ್ಟ ಹಾಗಾಯಿತು, ಪದ್ಧತಿಯೂ ಉಳಿಯಿತು. ನನಗೆ ಅರ್ಥವಾದದ್ದು ಇಷ್ಟು: ಬಾಡು ಕೊಡುವುದಕ್ಕೆ ಇವರಿಗೆ ಯಾವತ್ತೂ ಕಷ್ಟವಿರಲಿಲ್ಲ. ಅತ್ತೆ ಹಸಿದಿದ್ದರೆ ಇದೇ ದೊಡ್ಡಪ್ಪ ಮೊರ ತುಂಬ ರಾಗಿ ಕಳಿಸುತ್ತಿದ್ದರು. ಗಂಡಸಿಲ್ಲದ ಒಂದು ಬಾಗಿಲನ್ನು ಮನೆ ಅಂತ ಬಾಯಲ್ಲಿ ಹೇಳುವುದಕ್ಕೆ ಮಾತ್ರ ಅವರ ನಾಲಿಗೆ ಏಳಲಿಲ್ಲ. ದಾನ ಮಾಡಿಯಾರು, ಲೆಕ್ಕಕ್ಕೆ ತೆಗೆದುಕೊಳ್ಳಲಾರರು.

“ನಾನು ಎತ್ತಾಕಿಲ್ಲ” ಅಂದರು ಅತ್ತೆ. “ನನ್ನ ಕರ್ದಿಲ್ಲ. ಕರೀದಿರೋ ಗುಡ್ಡೇನ ಎತ್ತುದ್ರೆ ಕಳ್ತನ ಆಯ್ತದೆ.”

“ಅಂಗಾದ್ರೆ ನೀನು ಎತ್ತಲಾ” ಅಂತ ದೊಡ್ಡಪ್ಪ ಅಪ್ಪನ ಕಡೆ ತಿರುಗಿದರು. “ನಿನ್ನ ಮನೆ ಎಸ್ರಲ್ವಾ ಕೂಗಿದ್ದು.”

“ಮುಟ್ಬ್ಯಾಡ ಅಣ್ಣ” ಅಂದರು ಅತ್ತೆ. “ನಿಂಗೊಂದು ಬಂದದೆ. ಇದು ನಿಂದಲ್ಲ. ನೀನು ಎತ್ತುದ್ರೆ ನಾನು ನಿನ್ನ ಮನೆ ಕೂಳಿಗೆ ಬಿದ್ದೋಳು ಅಂತ ನೀನೇ ಬೀದಿಗೆ ಸಾರ್ದಂಗೆ.”

ಅಪ್ಪ ನಡುವೆ ನಿಂತರು. ಕೊನೆಯ ಗುಡ್ಡೆ ಏಳದೆ ಯಾರೂ ಒಲೆ ಹಚ್ಚುವ ಹಾಗಿಲ್ಲವಲ್ಲ, ಎತ್ತಿಕೊಂಡವರೂ ತಪ್ಪಲೆ ಕಂಕುಳಲ್ಲಿಟ್ಟುಕೊಂಡು ಅಲ್ಲೇ ನಿಂತಿದ್ದರು. ಬಿಸಿಲು ಏರುತ್ತಿತ್ತು. ಎಲೆಯ ಮೇಲೆ ನೊಣ ಮುತ್ತಿಕೊಂಡವು. ಒಂದು ನಾಯಿ ಹತ್ತಿರ ಬಂದು ಕೂತಿತು. ಬೀದಿಯ ಉದ್ದಕ್ಕೂ ಹೆಂಗಸರು ಬಾಗಿಲಿಗೆ ಬಂದು ಇಣುಕಿದರು.

“ಎತ್ತಲಾ, ಮಕ್ಳು ಅಸ್ಕೊಂಡವೆ.”

“ಏ, ತಂಗಿ ಮಾತು ಕೇಳ್ಕಂಡು ಬೀದಿನೇ ಉಪಾಸ ಕೆಡವ್ತಾನೆ ಕಣ್ರಲಾ ಇವ್ನು.”

“ಯಜಮಾನ ಯಾರಪ್ಪಾ ತೊಟ್ಟಿಮನೇಲಿ? ಗೊತ್ತಾಗ್ಲಿಲ್ವಲ್ಲ!”

ಈ ಕೊನೆಯ ಮಾತಿಗೆ ಎಲ್ಲರೂ ನಕ್ಕರು. ನಗು ಕೇಳಿ ಅಪ್ಪನ ಕತ್ತು ಕೆಂಪಾಯಿತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಎತ್ತಬೇಡ, ಎತ್ತಬೇಡ ಅಂತ ಮನಸ್ಸಿನಲ್ಲೇ ಕೂಗುತ್ತಿದ್ದೆ. ಅವರು ಬಗ್ಗಿದರು. ಎಲೆಯ ನಾಲ್ಕೂ ಮೂಲೆ ಸೇರಿಸಿ ಗುಡ್ಡೆಯನ್ನು ಎತ್ತಿ, ಯಾರ ಮುಖವನ್ನೂ ನೋಡದೆ ಮನೆಯ ಕಡೆ ನಡೆದರು.

ಒಳ್ಳೆಯ ಮನುಷ್ಯ ನಮ್ಮಪ್ಪ. ತಂಗಿಯ ಮೇಲೆ ಪ್ರಾಣ. ಕೊಟ್ಟಿಗೆಗೆ ಹೆಂಚು ಹೊದಿಸಿಕೊಟ್ಟವರೂ ಅವರೇ. ಆದರೆ ಬೀದಿಯಲ್ಲಿ ನಾಲ್ಕು ಜನ ನಕ್ಕರು ಅಂತ ಬಗ್ಗಿದರು ನೋಡಿ, ಅದನ್ನು ನಾನು ಬಹಳ ಕಾಲ ಕ್ಷಮಿಸಲಿಲ್ಲ. ಕೆಟ್ಟವರ ಮೇಲಿನ ಸಿಟ್ಟು ಹೇಗೋ ಆರಿಹೋಗುತ್ತದೆ. ಒಳ್ಳೆಯವರು ಬಗ್ಗಿದ್ದು ಹಾಗೆ ಆರುವುದಿಲ್ಲ.

ಬೀದಿ ಚದುರತೊಡಗಿತು. ಆಗ ಅತ್ತೆ ಕೂಗಿದರು. ನಾಲೆಯ ಆಚೆಗೂ ಕೇಳಿಸಿರಬೇಕು.

“ನಿಂತ್ಕೊಳಿ ಎಲ್ರೂ! ನನ್ನ ಟಗ್ರು ತಿಂತೀರಿ, ನನ್ನ ಒಲೆ ನಿಮ್ಗೆ ಕಾಣಾಕಿಲ್ವಾ? ಕಾಲಿಗೆ ಬಿದ್ದೋಳ್ಗೆ ನಿನ್ನೊಲೆ ಉರೀಲಿ ಅಂದೆಯಲ್ಲ ದೊಡ್ಡಣ್ಣ, ಯಾವೊಲೆ ಅದು? ನಿನ್ನೆ ಇತ್ತು, ಇವತ್ತು ಆರೋಯ್ತಾ?”

“ಸುಮ್ಕಿರಮ್ಮಿ” ಅಂತ ದೊಡ್ಡಪ್ಪ ಗಾಬರಿಯಾಗಿ ಕೈಯಾಡಿಸಿದರು. “ವರ್ಸ್ತೊಡಕಿನ ದಿನ ಯಾರಾದ್ರೂ ಜಗಳ ಆಡ್ತಾರಾ? ವರ್ಸೆಲ್ಲ ಅದೇ ಆಯ್ತದೆ.”

“ಆಗ್ಲಿ ಅಂತಲೇ ಆಡ್ತಿರೋದು!” ಅಂದರು ಅತ್ತೆ. “ಇವತ್ತು ಬಾಯಿ ಮುಚ್ಕೊಂಡ್ರೆ ವರ್ಸೆಲ್ಲ ಮುಚ್ಕೊಂಡಿರ್ಬೇಕಲ್ಲ? ನಾನು ಮುಚ್ಚಾಕಿಲ್ಲ. ಇವತ್ತೇ ಶುರು.”

ಮಧ್ಯಾಹ್ನದ ತನಕ ಆಡಿದರು. ಪ್ರತಿ ಮನೆಯ ಮುಂದೆಯೂ ನಿಂತು ಆಡಿದರು. ಒಳಗೆ ಬಾಡು ಕುದಿಯುತ್ತಿತ್ತು, ಹೊರಗೆ ಅತ್ತೆ. ಯಾರೂ ಎದುರು ಮಾತಾಡಲಿಲ್ಲ. ಆಡಿದರೆ ತಮಗೂ ವರ್ಷವೆಲ್ಲ ತೊಡರಿಕೊಳ್ಳುತ್ತದಲ್ಲ ಅನ್ನುವ ಭಯ. ತಾವೇ ಕಟ್ಟಿಕೊಂಡ ನಂಬಿಕೆಯೊಳಗೆ ಬಾಯಿ ಹೊಲಿದುಕೊಂಡು ಕೂತು, ಬಾಗಿಲು ಹಾಕಿಕೊಂಡು ಉಂಡರು. ನಾನು ಆ ದಿನ ಮನೆಯಲ್ಲಿ ಉಣ್ಣಲಿಲ್ಲ. ಅತ್ತೆಯ ಕೊಟ್ಟಿಗೆಯಲ್ಲಿ ಕೂತು ಮುದ್ದೆ, ಉಪ್ಸಾರು ತಿಂದೆ. ಹುರಿದಿಟ್ಟಿದ್ದ ಮಸಾಲೆ ಮೊರದಲ್ಲಿ ಹಾಗೇ ಇತ್ತು.

ಹೇಳಿದ ಹಾಗೆಯೇ ಅತ್ತೆ ವರ್ಷವೆಲ್ಲ ಆ ಜಗಳವನ್ನು ಸಾಕಿದರು. ಟಗರಿಗೆ ಹಾಕಿದಷ್ಟೇ ಮೇವು ಅದಕ್ಕೂ ಹಾಕಿದರು. ಡೇರಿಯ ಸಾಲಿನಲ್ಲಿ ದೊಡ್ಡಪ್ಪ ಮುಂದೆ ನಿಂತಿದ್ದರೆ, “ಬೆನ್ನು ತಿರುಗಿಸ್ಕೊಂಡು ನಿಲ್ಲೋದು ನಿಂಗೆ ಅಭ್ಯಾಸ ಬುಡು ದೊಡ್ಡಣ್ಣ” ಅನ್ನುವುದು. ಯಾರಾದರೂ ಮದುವೆ ಕರೆಯಲು ಬಂದರೆ, “ಇಲ್ಲಿ ಮನೆ ಐತಾ? ಕಣ್ಣಿಗೆ ಬಿತ್ತಾ? ಓ, ಮುಯ್ಯಿ ಬೇಕಾದಾಗ ಮಾತ್ರ ಕಾಣ್ತದೆ ಅನ್ನು” ಅನ್ನುವುದು. ಒಂದು ಸಲ ದೊಡ್ಡಪ್ಪನಿಗೆ ಜ್ವರ ಬಂದು ಮಲಗಿದ್ದಾಗ ಹಸಿಶುಂಠಿ ಕಷಾಯ ಮಾಡಿ ಕೊಂಡುಹೋಗಿ ಕುಡಿಸಿ, ಲೋಟ ತೊಳೆಯುತ್ತ, “ಕುಡ್ದ್ಯಲ್ಲ, ಯಾವ ಒಲೇಲಿ ಕಾಸಿದ್ದು ಯೋಳು ನೋಡಾನ” ಅಂದರಂತೆ. ದೊಡ್ಡಪ್ಪ ಗೋಡೆಯ ಕಡೆ ಹೊರಳಿಕೊಂಡರಂತೆ. ಇದನ್ನು ನನಗೆ ಹೇಳಿದ್ದು ದೊಡ್ಡಮ್ಮ. ಹೇಳುವಾಗ ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಮರುವರ್ಷ ಕೊಟ್ಟಿಗೆಯ ಮುಂದೆ ಇನ್ನೊಂದು ಟಗರು. ಬೀದಿಯವರು ಕೇಳಲು ಬರಲಿಲ್ಲ. ಕೃಷ್ಣರಾಜಪೇಟೆ ಸಂತೆಗೆ ಹೋಗಿ ಬೇರೆ ತಂದರು. ಹೊಸ್ತೊಡಕಿನ ಬೆಳಿಗ್ಗೆ ಅತ್ತೆ ತಮ್ಮ ಅಂಗಳದಲ್ಲೇ ತಮ್ಮ ಟಗರು ಬೀಳಿಸಿದರು. ಒಂದು ಮನೆಗೆ ಅದು ಹೆಚ್ಚು. ಮಕ್ಕಳಿಂದ ಬೇರೆಯಾಗಿ ಹಜಾರದ ಮೂಲೆಯಲ್ಲಿ ಬೇಯಿಸಿಕೊಳ್ಳುತ್ತಿದ್ದ ಮೂಲೆಮನೆಯ ಅಜ್ಜಿ, ಕಬ್ಬು ಕಡಿಯಲು ಬಂದು ನಾಲೆ ಪಕ್ಕ ಗುಡಿಸಲು ಹಾಕಿಕೊಂಡವರು, ಹೀಗೆ ಬೀದಿಯ ಲೆಕ್ಕಕ್ಕೆ ಬಾರದ ಒಲೆಯವರನ್ನೆಲ್ಲ ಅತ್ತೆ ಕರೆದಿದ್ದರು. ಬಾಳೆಎಲೆ ಹಾಸಿ ಗುಡ್ಡೆ ಹಾಕಿದವರು ಅತ್ತೆ. ಬೆನ್ನು ತಿರುಗಿಸಿ ನಿಂತವಳು ನಾನು.

“ಇದ್ಯಾರ್ದೂ?”

“ಕೊಟ್ಟಿಗೆಮನೆ!” ಅಂತ ನಾನು ಕೂಗಿದೆ. ಬೀದಿಯ ಆ ಕೊನೆಯಲ್ಲಿ ಅದೇ ಹೊತ್ತಿಗೆ ದೊಡ್ಡಪ್ಪನೂ ಕೂಗುತ್ತಿದ್ದರು. ಬೇಕೆಂದೇ ಅವರಿಗಿಂತ ಜೋರಾಗಿ ಕೂಗಿದೆ.

ಅವ್ವ ಬೆಳಿಗ್ಗೆಯೇ ನಮ್ಮ ಮನೆಯ ಒಲೆ ಬಳಿದಿಟ್ಟು ಬಂದು ಅತ್ತೆಯ ಒರಳಿನ ಮುಂದೆ ಕೂತಿದ್ದಳು. “ನಿಮ್ಮಪ್ಪನ ಗುಡ್ಡೆ ನಿಮ್ಮಪ್ಪನೇ ನೋಡ್ಕಳ್ಲಿ” ಅಂತ ಒಂದೇ ಮಾತು ಹೇಳಿ ಮಸಾಲೆ ರುಬ್ಬತೊಡಗಿದಳು. ಹೋದ ವರ್ಷ ಅಪ್ಪ ಆ ಗುಡ್ಡೆ ತಂದು ಮುಂದಿಟ್ಟಾಗ ತಾನು ಮಾತಾಡದೆ ಬೇಯಿಸಿದ್ದು ಅವಳ ಗಂಟಲಲ್ಲೇ ಕೂತಿತ್ತು ಅಂತ ಕಾಣುತ್ತದೆ.

ಸ್ವಲ್ಪ ಹೊತ್ತಿಗೆ ಅಪ್ಪ ಬಂದರು. ಬೀದಿಯ ಗುಡ್ಡೆ ತಪ್ಪಲೆಯಲ್ಲಿ ಹಾಗೇ ಇತ್ತು. ಬೇಲಿಯಾಚೆ ನಿಂತು ಅವ್ವನ ಕಡೆ ನೋಡಿದರು. ಅವ್ವ ತಲೆ ಎತ್ತಲಿಲ್ಲ.

“ಒಲೆ ಹಚ್ಚೋರಿಲ್ಲ ಮನೇಲಿ” ಅಂದರು ಅಪ್ಪ, ಯಾರಿಗೂ ಅಲ್ಲದ ಹಾಗೆ.

“ಒಲೆ ಇಲ್ದೆ ಗುಡ್ಡೆ ಎಂಗೆ ಕೊಟ್ರು ನಿಂಗೆ?” ಅಂದರು ಅತ್ತೆ. “ಬೀದೀಲಿ ಕಾನೂನು ಬಿಗಿಯಾಗೈತೆ ಅಂದ್ಕೊಂಡಿದ್ದೆ.”

ಅಪ್ಪ ತಪ್ಪಲೆಯನ್ನು ಬೇಲಿಯ ಮೇಲಿಂದ ಚಾಚಿದರು. “ಇದ್ನೂ ಅದ್ರಲ್ಲೇ ಹಾಕ್ಕೋ. ಒಟ್ಗೆ ಬೇಯ್ಲಿ. ನಂದೂ ನಿಂದೂ ಅಂತ ಏನೈತೆ?”

“ಬೆರೆಸಂಗಿಲ್ಲ ಅಣ್ಣ. ಒಟ್ಗೆ ಬೆಂದ್ರೆ ತಿರುಗಾ ತೊಟ್ಟಿಮನೆ ಸಾರೇ ಆಯ್ತದೆ. ನೀನು ಉಣ್ಣೋಕೆ ಬಾ, ನಾನು ಬ್ಯಾಡ ಅನ್ನಾಕಿಲ್ಲ. ನೆಂಟ ಬಂದಂಗೆ ಬಾ.”

ಈ ಮಾತಿನ ತೂಕ ಹಳ್ಳಿಯವರಿಗೆ ಗೊತ್ತು. ಅಣ್ಣನಾದವನು ತಂಗಿಯ ಗಂಡನ ಮನೆಗೆ ನೆಂಟನಾಗಿ ಹೋಗುತ್ತಾನೆ. ತನ್ನದೇ ಹಿತ್ತಲಿನ ಕೊಟ್ಟಿಗೆಗೆ ನೆಂಟನಾಗಿ ಹೋಗುವುದೆಂದರೆ ಅದು ತನ್ನದಲ್ಲ, ಬೇರೊಂದು ಮನೆ ಅಂತ ಬೀದಿಯ ಎದುರು ಒಪ್ಪಿದ ಹಾಗೆ. ಅಪ್ಪ ತಪ್ಪಲೆ ಹಿಡಿದುಕೊಂಡು ವಾಪಸ್ಸು ಹೋದರು. ಬರುವುದಿಲ್ಲ ಅಂದುಕೊಂಡೆ. ಬರದಿದ್ದರೆ ಅವರ ಜೊತೆ ಮಾತು ಬಿಡುವುದು ಅಂತಲೂ ತೀರ್ಮಾನ ಮಾಡಿದ್ದೆ.

ಊಟದ ಹೊತ್ತಿಗೆ ಅಪ್ಪ ಬಂದರು. ಹಿತ್ತಲ ದಾರಿಯಲ್ಲಲ್ಲ, ಬೀದಿಯ ಕಡೆಯಿಂದ. ಯುಗಾದಿಯ ಹೊಸ ಪಂಚೆ ಉಟ್ಟು, ಹೆಗಲ ಮೇಲೆ ಟವೆಲು ಹಾಕಿಕೊಂಡು, ಕೈಯಲ್ಲಿ ಎಲೆಅಡಿಕೆ ಹಿಡಿದು ಬಂದರು. ಅತ್ತೆ ಬಾಗಿಲಿಗೆ ಬಂದು ಚೊಂಬಿನಲ್ಲಿ ನೀರು ಕೊಟ್ಟರು. ಕಾಲಿಗೆ. ನೆಂಟರಿಗೆ ಕೊಡುವ ಹಾಗೆ. ಅಪ್ಪ ಇಸಿದುಕೊಂಡು ಬೀದಿಯಲ್ಲೇ ನಿಂತು ಕಾಲು ತೊಳೆಯತೊಡಗಿದರು.

ಅಷ್ಟರಲ್ಲಿ ಇಸ್ಪೀಟಿಗೆ ಹೊರಟಿದ್ದ ದೊಡ್ಡಪ್ಪ ಇದನ್ನು ಕಂಡು ನಿಂತರು.

“ಏನ್ಲಾ, ನಿನ್ನ ಮನೇಲೇ ನಿಂಗೆ ನೆಂಟಸ್ತನವಾ?”

ಅಪ್ಪ ಎರಡನೇ ಕಾಲನ್ನೂ ತೊಳೆದು ಮುಗಿಸಿದರು. ಆಮೇಲೆ ತಲೆ ಎತ್ತಿ, “ನನ್ನ ಮನೆ ಅಲ್ಲಿ ಕಣಣ್ಣ. ಇದು ಕೊಟ್ಟಿಗೆಮನೆ. ಊಟಕ್ಕೆ ಕರ್ದವ್ರೆ, ಬಂದಿವ್ನಿ” ಅಂದರು. ದನಿ ಸಣ್ಣದಿತ್ತು. ಆದರೂ ಆಚೀಚೆ ಜಗಲಿಯವರಿಗೆಲ್ಲ ಕೇಳಿಸಿತು.

ದೊಡ್ಡಪ್ಪ ಏನೋ ಅನ್ನಲು ಬಾಯಿ ತೆರೆದು, ಹೊಸ್ತೊಡಕು ಅನ್ನುವುದು ನೆನಪಾಗಿ ಮುಚ್ಚಿಕೊಂಡು ಅರಳಿಕಟ್ಟೆಯ ಕಡೆ ಹೋದರು.

ಒಳಗೆ ಅಪ್ಪನಿಗೆ ಮಣೆ ಹಾಕಿದ್ದರು. ಅತ್ತೆ ಮುದ್ದೆ ಇಟ್ಟು ಬಾಡಿನ ಸಾರು ಬಿಟ್ಟರು. ಮುಖ ಇನ್ನೂ ಗಂಟಿಕ್ಕಿಯೇ ಇತ್ತು. ಕ್ಷಮಿಸುವುದಕ್ಕೆ ಅವರಿಗೂ ಆತುರವಿರಲಿಲ್ಲ, ನನಗೂ ಇರಲಿಲ್ಲ. ನಾನು ಊರಿಗೆ ಹಬ್ಬಕ್ಕೆ ಬರುತ್ತಿದ್ದಷ್ಟು ವರ್ಷವೂ ಬೀದಿ ಆ ಮನೆಯ ಹೆಸರನ್ನು ಗುಡ್ಡೆಯ ಮುಂದೆ ಕೂಗಲೇ ಇಲ್ಲ. ಅತ್ತೆಯೂ ಇನ್ನೊಂದು ಟಗರನ್ನು ಬೀದಿಗೆ ಕೊಡಲಿಲ್ಲ.

ಅಪ್ಪ ಮೊದಲ ತುತ್ತು ನುಂಗಿ, ತಂಗಿಯ ಮುಖ ನೋಡಿ, “ಖಾರ ಜಾಸ್ತಿಯಾಯ್ತಲ್ಲವ್ವಾ” ಅಂದರು.

“ನೆಂಟರು ಅಂಗೆಲ್ಲ ಅನ್ನಬಾರ್ದು” ಅಂದರು ಅತ್ತೆ. “ಉಣ್ಣು ಸುಮ್ಕೆ.”